ಪಾನಿ ಗೇನ್ಯಾ ಮತ್ತು ಅಂಚಿನ ಸಾಲು

ಆ ಸಾಲಿನ ಪಕ್ಕದಲ್ಲಿ ಶಿಲುಬೆ ಗುರುತು ಇತ್ತೋ ಇಲ್ಲವೋ ಎಂಬ ಚಿಂತೆ ಶನಿವಾರ ಬೆಳಿಗ್ಗೆ ಮಗಳು ಮೇಲಾಳಿಗೆ ರವೆ ಗಂಜಿ ತಿನ್ನಿಸುವಾಗ ನನ್ನನ್ನು ಹಿಡಿದುಕೊಂಡಿತು. ಚಮಚ ಅರ್ಧ ದಾರಿಯಲ್ಲೇ ನಿಂತಿತು. ಮೇಲಾ ಬಾಯಿ ತೆರೆದುಕೊಂಡು ಕಾದಳು. ಗಂಜಿ ಬರಲಿಲ್ಲವೆಂದು ಮೇಜು ಬಡಿದಳು.

ಚಿಂತೆ ನನಗೆ ಹೊಸದಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ವಾಪಸು ಬರುವವಳು ನಾನು. ಮಗು ಸೀನಿದರೆ ಥರ್ಮಾಮೀಟರು ಹುಡುಕುತ್ತೇನೆ, ಎರಡು ದಿನ ಸೀನದಿದ್ದರೆ ಯಾಕೆ ಸೀನಲಿಲ್ಲ ಎಂದು ಯೋಚಿಸುತ್ತೇನೆ. ಪೊಜ್ನಾನ್ ನಗರದಲ್ಲಿ ಓದಿದವಳು ಮದುವೆಯಾಗಿ ಗೊಪ್ವೊ ಸರೋವರದ ದಂಡೆಯ ಈ ಊರಿಗೆ ಬಂದು ನಾಲ್ಕು ವರ್ಷವಾಯಿತು. "ನಿನ್ನ ಚಿಂತೆಗೆ ಯಾರಾದ್ರೂ ಸಂಬಳ ಕೊಡೋದಾದ್ರೆ ನಾನು ಕೆಲಸ ಬಿಟ್ಟು ಮೀನು ಹಿಡೀತಾ ಕೂತಿರ್ತಿದ್ದೆ" ಎಂದು ಗಂಡ ಯಾರೆಕ್ ಹೇಳುತ್ತಲೇ ಇರುತ್ತಾನೆ. ಆದರೆ ಈ ಸಲದ ಚಿಂತೆ ನಮ್ಮ ಮನೆಯದಾಗಿರಲಿಲ್ಲ. ಇಡೀ ಊರಿನದಾಗಿತ್ತು.

ಮರುದಿನ ಭಾನುವಾರ ನಮ್ಮ ಊರಿನ ಮಹಿಳಾ ಸಂಘಕ್ಕೆ ಎಪ್ಪತ್ತೈದು ವರ್ಷ ತುಂಬುವುದಿತ್ತು. ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಊರಿನವರೆಲ್ಲ ಅಗ್ನಿಶಾಮಕ ದಳದ ಹಾಲ್‌ನಲ್ಲಿ ಸೇರುತ್ತಾರೆ, ಫಾದರ್ ಸಂಘದ ವೃತ್ತಾಂತ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಾರೆ, ಆಮೇಲೆ ಊಟ. ಆ ಪುಸ್ತಕವನ್ನು ನಲವತ್ತೈದು ವರ್ಷದಿಂದ ಬರೆಯುತ್ತಿರುವವರು ನಮ್ಮ ಎದುರು ಮನೆಯ ಪಾನಿ ಗೇನ್ಯಾ, ಪೂರ್ತಿ ಹೆಸರು ಗೆನೊವೆಫಾ. ಪಾನಿ ಎಂದರೆ ನಮ್ಮಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವ ಮಾತು. ಹಳೆಯ ಪುಸ್ತಕದ ಶಾಯಿ ಮಾಸಿತ್ತು, ಮೂಲೆಗಳನ್ನು ಇಲಿ ತಿಂದಿತ್ತು. "ಈ ಸರೋವರದ ಇಲಿಗಳು ರಾಜನನ್ನೇ ತಿಂದವು, ಪುಸ್ತಕ ಯಾವ ಲೆಕ್ಕ" ಎಂದು ಇಲ್ಲಿಯ ಹಳೆಯ ದಂತಕಥೆಯೊಂದನ್ನು ನೆನೆದು ಅವರು ಅದನ್ನು ದೊಡ್ಡದು ಮಾಡಲಿಲ್ಲ. ಆದರೆ ಶುದ್ಧ ಪ್ರತಿಯೊಂದು ಬೇಕೇ ಬೇಕು ಎಂದು ಸಂಘ ತೀರ್ಮಾನಿಸಿತು. ಪಾನಿ ಗೇನ್ಯಾರ ಕೈ ಈಗ ನಡುಗುತ್ತದೆ. ನನ್ನ ಅಕ್ಷರ ಚೆನ್ನಾಗಿದೆ ಎಂದು ಯಾರೋ ಅಂದರು. ಬೇಸಿಗೆಯೆಲ್ಲ ಕೂತು ನಕಲು ಮಾಡಿದೆ. ಗುರುವಾರ ಹೊಸ ಪುಸ್ತಕವನ್ನು ಫಾದರ್‌ಗೆ ಒಪ್ಪಿಸಿ, ಹಳೆಯದನ್ನು ಪಾನಿ ಗೇನ್ಯಾಗೆ ಮರಳಿಸಿ, ಹಾಯಾಗಿ ಮಲಗಿದ್ದೆ.

ಶನಿವಾರ ಬೆಳಿಗ್ಗೆ, ಚಮಚ ಕೈಯಲ್ಲಿರುವಾಗ, ನಾನೇ ಬರೆದ ಒಂದು ಸಾಲು ಕಣ್ಣಮುಂದೆ ಬಂದು ನಿಂತಿತು. ಸಾವಿರದ ಒಂಬೈನೂರ ಎಂಬತ್ತೇಳನೇ ಇಸವಿ:

"ಆ ವರ್ಷ ಜಿಲ್ಲಾ ಸ್ಪರ್ಧೆಯಲ್ಲಿ ನಮ್ಮ ಸಲೋಮೆಯಾ ಮಾಡಿದ ಸೆರ್ನಿಕ್‌ಗೆ ಮೊದಲ ಬಹುಮಾನ ಬಂತು. ಪಕ್ಕದೂರಿನವರು ಬಾಯಿ ಒಣಗಿಸಿಕೊಂಡು ನಿಂತಿದ್ದರು. ಚೀಸು ಅಂಗಡಿಯದು."

ಕೊನೆಯ ಎರಡು ಪದ ಹಳೆಯ ಪುಸ್ತಕದ ಪುಟದೊಳಗೆ ಇರಲಿಲ್ಲ. ಅಂಚಿನಲ್ಲಿ ಇದ್ದವು, ಪೆನ್ಸಿಲ್‌ನಲ್ಲಿ.

ಸೆರ್ನಿಕ್ ಎಂದರೆ ಬಿಳಿ ಚೀಸಿನ ಕೇಕು. ಆ ಸ್ಪರ್ಧೆಯ ನಿಯಮ ಒಂದೇ: ಹಾಲು ನಿಮ್ಮ ಹಸುವಿನದು, ಚೀಸು ನಿಮ್ಮ ಅಡುಗೆಮನೆಯದು. ಆ ಬಹುಮಾನದ ಹಿತ್ತಾಳೆ ಫಲಕ ಈಗಲೂ ಹಾಲ್‌ನ ಗೋಡೆಯ ಮೇಲಿದೆ. ಅದು ಬಂದ ವರ್ಷವೇ ಪಾನಿ ಸಲೋಮೆಯಾ ಸಂಘದ ಅಧ್ಯಕ್ಷೆಯಾದರು. ಈಗ ಅವರಿಗೆ ಎಂಬತ್ತಮೂರು, ಇನ್ನೂ ಅವರೇ ಅಧ್ಯಕ್ಷೆ. ಅವರ ಪ್ರಾಣಸ್ನೇಹಿತೆ ಪಾನಿ ಗೇನ್ಯಾ. ನಾಳೆ ಇಡೀ ಊರಿನೆದುರು ಫಾದರ್ ಬಾಯಲ್ಲಿ ಆ ಎರಡು ಪದ ಬಂದರೆ, ಬರೆದದ್ದು ಗೇನ್ಯಾ ಎಂದೇ ಎಲ್ಲರೂ ತಿಳಿಯುತ್ತಾರೆ. ಅರವತ್ತು ವರ್ಷದ ಸ್ನೇಹ ನನ್ನ ಚೆಂದದ ಅಕ್ಷರದಲ್ಲಿ ಮುರಿದುಬೀಳುತ್ತದೆ.

ನಕಲು ಶುರು ಮಾಡುವ ದಿನ ಪಾನಿ ಗೇನ್ಯಾ ನನಗೆ ಹೇಳಿಕೊಟ್ಟದ್ದು ಒಂದೇ ಪಾಠ. "ಬರೀವಾಗ ನಾನು ಎಷ್ಟೋ ಸಲ ಸಾಲು ಬಿಟ್ಟಿರ್ತೀನಿ. ಬಿಟ್ಟಿದ್ದನ್ನ ಅಂಚಲ್ಲಿ ಬರ್ದು ಪಕ್ಕದಲ್ಲಿ ಒಂದು ಶಿಲುಬೆ ಹಾಕಿರ್ತೀನಿ. ಶಿಲುಬೆ ಇದ್ರೆ ಒಳಗೆ ತಗೊ. ಇಲ್ದಿದ್ರೆ ಮುಟ್ಟಬೇಡ, ಅದು ಅಂಚಿನ ಮಾತು, ಅಂಚಲ್ಲೇ ಇರ್ಲಿ." ನಾನು ಎಷ್ಟು ಜಾಗ್ರತೆಯಿಂದ ಇದ್ದೆನೆಂದರೆ ಪ್ರತಿ ಶಿಲುಬೆಗೂ ಬೆರಳಿಟ್ಟು ನೋಡುತ್ತಿದ್ದೆ. ಎಂಬತ್ತೇಳನೇ ಇಸವಿಯ ದಿನ ಮಾತ್ರ ಮೇಲಾಳಿಗೆ ಹಲ್ಲು ಬರುತ್ತಿತ್ತು. ಒಂದು ತೊಡೆಯ ಮೇಲೆ ಅವಳು ಅಳುತ್ತಿದ್ದಳು, ಇನ್ನೊಂದು ತೊಡೆಯ ಮೇಲೆ ಸಂಘದ ಪುಸ್ತಕ.

ಇಂಥ ಪಾಠಗಳೆಲ್ಲ ಪಾನಿ ಗೇನ್ಯಾಗೆ ಬಂದದ್ದು ಶಾಲೆಯಿಂದಲ್ಲ. ಅವರು ಓದಿದ್ದು ಏಳನೇ ತರಗತಿ. ತಂದೆ ಸಕ್ಕರೆ ಕಾರ್ಖಾನೆಗೆ ಸಕ್ಕರೆ ತೆಗೆಯುವ ಬೀಟ್ ಗೆಡ್ಡೆ ಸಾಗಿಸುತ್ತಿದ್ದರು. ಮನೆಯಲ್ಲಿ ಆರು ಹೆಣ್ಣುಮಕ್ಕಳು. ಹತ್ತೊಂಬತ್ತನೇ ವಯಸ್ಸಿಗೆ ಗೇನ್ಯಾ ಗ್ನಿಯೆಜ್ನೊ ಊರಿಗೆ ಹೋಗಿ, ಹಳೆಯ ಕೈಬರಹದ ಪುಸ್ತಕಗಳನ್ನಿಟ್ಟ ಒಂದು ಭಂಡಾರದಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದರು. ಎರಡು ವರ್ಷಕ್ಕೆ ಪೊರಕೆ ಬಿಟ್ಟು ಪುಸ್ತಕ ಹೊರುವ ಕೆಲಸ. ದೂರದೂರದಿಂದ ಬಂದ ಪಂಡಿತರು ಮೇಜಿನ ಮುಂದೆ ಕೂರುವರು. ಈಕೆ ಕೈ ತೊಳೆದು, ಒರೆಸಿ, ಚರ್ಮದ ಹಾಳೆಯ ಭಾರವಾದ ಪುಸ್ತಕವನ್ನು ಎತ್ತಿ ತಂದು ದಿಂಬಿನ ಮೇಲೆ ಮಲಗಿಸುವರು. "ಮಗೂನ ಮಲಗಿಸಿದ ಹಂಗೆ. ಬೆನ್ನಿಗೆ ಆಸರೆ ಕೊಡ್ಬೇಕು, ಬಾಯಿ ಪೂರ್ತಿ ತೆಗೀಬಾರ್ದು." ಮೇಲಾ ಹುಟ್ಟಿದಾಗ ಅವಳನ್ನು ಸರಿಯಾಗಿ ಎತ್ತಿಕೊಳ್ಳುವುದನ್ನು ನನಗೆ ಕಲಿಸಿದವರು ಇವರೇ, ಇದೇ ಮಾತಿನಲ್ಲಿ. ಆಸ್ಪತ್ರೆಯವರು ಕೊಟ್ಟ ಪುಸ್ತಿಕೆಯಿಂದ ನನ್ನ ತಲೆಗೆ ಏನೂ ಹತ್ತಿರಲಿಲ್ಲ.

ಲ್ಯಾಟಿನ್ ಅವರಿಗೆ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಆದರೆ ಭಂಡಾರದ ಮುದುಕ ಪಾದ್ರಿಯೊಬ್ಬರು ಬಿಡುವಿದ್ದಾಗ ಬೆರಳಿಟ್ಟು ತೋರಿಸುತ್ತಿದ್ದರಂತೆ: ಇಲ್ಲಿ ಬರೆದವನು ಬದಲಾದ, ಇಲ್ಲಿ ಇವನಿಗೆ ನಿದ್ದೆ ಬಂದಿದೆ, ಅಕ್ಷರ ಇಳಿಜಾರಾಗಿದೆ, ಇಲ್ಲಿ ಒಂದೇ ಪದ ಎರಡು ಕಡೆ ಇತ್ತು, ಇವನ ಕಣ್ಣು ಮೇಲಿನದರಿಂದ ಕೆಳಗಿನದಕ್ಕೆ ಹಾರಿ ನಡುವೆ ಒಂದು ಯುದ್ಧವೇ ಮಾಯವಾಗಿದೆ. ಹದಿನಾರು ವರ್ಷ ಹೀಗೆ ನೋಡಿ ನೋಡಿ, ಭಾಷೆ ಬಾರದಿದ್ದರೂ ಪಾನಿ ಗೇನ್ಯಾ ಬರೆದವರನ್ನೆಲ್ಲ ನೆರೆಹೊರೆಯವರಂತೆ ಗುರುತಿಸತೊಡಗಿದರು. ಯಾರು ಸೋಮಾರಿ, ಯಾರು ಚಳಿಗೆ ಬೆರಳು ಮರಗಟ್ಟಿಸಿಕೊಂಡವನು, ಯಾರು ಊಟದ ಗಂಟೆ ಹೊಡೆದ ಕೂಡಲೇ ಎದ್ದುಹೋದವನು, ಎಲ್ಲ ಗೊತ್ತು. ಅವರಿಗೆ ಬಹಳ ಇಷ್ಟವಾದ ಕಥೆ ಒಂದಿದೆ. ಯಾರೋ ಓದುಗ ಅಂಚಿನಲ್ಲಿ "ಇವತ್ತು ಭಯಂಕರ ಚಳಿ" ಎಂದು ತನ್ನ ಪಾಡಿಗೆ ಗೀಚಿದ್ದನಂತೆ. ನೂರು ವರ್ಷದ ಮೇಲೆ ನಕಲು ಮಾಡಿದವನು ಅದನ್ನೂ ಒಳಗೆ ಸೇರಿಸಿದ. "ಅವತ್ತಿಂದ ಆ ಪುಸ್ತಕದಲ್ಲಿ ಒಬ್ಬ ಬಿಷಪ್ ಜುಲೈ ತಿಂಗಳಲ್ಲಿ ನಡುಗ್ತಾ ಬರ್ತಾನೆ" ಎಂದು ಅವರು ಕಣ್ಣೀರು ಬರುವಷ್ಟು ನಗುತ್ತಾರೆ. ಬೇಸಿಗೆಯಲ್ಲಿ ಈ ಕಥೆಯನ್ನು ನನಗೆ ಮೂರು ಸಲ ಹೇಳಿದ್ದರು. ನಾನೂ ನಕ್ಕಿದ್ದೆ.

ತಾಯಿಗೆ ಹುಷಾರು ತಪ್ಪಿತೆಂದು ಪಾನಿ ಗೇನ್ಯಾ ಎಪ್ಪತ್ತೆಂಟನೇ ಇಸವಿಯಲ್ಲಿ ಊರಿಗೆ ಮರಳಿದರು. ಮರುವರ್ಷ ಸಂಘದ ಪುಸ್ತಕ ಕೈಗೆ ಬಂತು. ಅದುವರೆಗೂ ಅದರಲ್ಲಿ ಸಭೆಗೆ ಯಾರು ಬಂದರು, ಯಾರು ಬರಲಿಲ್ಲ ಎಂಬುದಷ್ಟೇ ಇತ್ತು. ಪಾನಿ ಗೇನ್ಯಾ ತಮಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಬರೆದರು. ಹಳೆಯ ಮಠಗಳಲ್ಲಿ ಹಬ್ಬದ ದಿನಗಳ ಪಟ್ಟಿಯ ಪಕ್ಕದಲ್ಲಿ ವರ್ಷಕ್ಕೊಂದು ಮಾತು ಗೀಚುತ್ತಿದ್ದರಲ್ಲ, ಹಾಗೆ. "೧೯೭೯: ಹಿಮ. ೧೯೮೦: ಮತ್ತೆ ಹಿಮ. ಸಲೋಮೆಯಾಳ ಹಂದಿ ಕಳೆದುಹೋಗಿ ಸಿಕ್ಕಿತು." ಆಮೇಲೆ ಕೈ ಕುದುರಿತು. ನಮ್ಮ ಊರಿನ ಹೆಬ್ಬಾತುಗಳನ್ನು ಹೊಗಳುವುದೇನು, ಪಕ್ಕದೂರಿನ ಸಂಘದವರ ಒಣಜಂಭವನ್ನು ಅರ್ಧ ಪುಟ ತೆಗಳುವುದೇನು.

"ಇಷ್ಟೊಂದು ಬೈಬಹುದಾ ವೃತ್ತಾಂತದಲ್ಲಿ?" ಎಂದು ನಾನೊಮ್ಮೆ ಕೇಳಿದೆ.

"ಅವರೆಲ್ಲಾ ಬೈತಿದ್ರು. ತಮ್ಮ ರಾಜ ಸಿಂಹ, ಪಕ್ಕದ ರಾಜ ನರಿ. ಬೈಗುಳ ಇಲ್ದಿದ್ರೆ ಯಾರು ಓದ್ತಾರೆ."

"ಮತ್ತೆ ನಿಮ್ಮ ಹೆಸರು ಎಲ್ಲೂ ಇಲ್ಲವಲ್ಲ."

"ನಮ್ಮ ನಾಡಿನ ಕಥೆ ಮೊದಲು ಬರ್ದೋನು ಎಲ್ಲಿಂದಲೋ ಬಂದ ಸನ್ಯಾಸಿ. ಅವನೇ ಹೆಸರು ಹಾಕ್ಲಿಲ್ಲ. ನಾನ್ಯಾರು ಹಾಕೋಕೆ?"

ನಮ್ಮ ಮೊದಲ ದೊರೆಯ ಕಥೆಯನ್ನೂ ಅವರು ತಮ್ಮದೇ ರೀತಿಯಲ್ಲಿ ಹೇಳುತ್ತಾರೆ. "ಮೊದಲ ವರ್ಷ ಹೆಂಡತಿ ಬಂದ್ಲು. ಮರುವರ್ಷ ಗಂಡ ದೀಕ್ಷಾಸ್ನಾನ ಮಾಡ್ಸ್ಕೊಂಡು ಕ್ರೈಸ್ತ ಆದ. ನೋಡು, ಹೆಂಡತಿ ಬಂದ ಒಂದೇ ವರ್ಷಕ್ಕೆ ಗಂಡಸಿಗೆ ಸ್ನಾನ ಮಾಡ್ಸಿದ್ಲು. ಇಡೀ ದೇಶ ಶುರುವಾಗಿದ್ದೇ ಅಲ್ಲಿಂದ." ಇದನ್ನು ಅವರು ಯಾರೆಕ್ ಇರುವಾಗಲೇ ಹೇಳುತ್ತಾರೆ, ಅವನ ಕೆಸರು ಬೂಟುಗಳನ್ನು ನೋಡುತ್ತಾ.

ಪಾನಿ ಗೇನ್ಯಾ ಮದುವೆಯಾಗಲಿಲ್ಲ. ಬೇಸರವೂ ಕಾಣಲಿಲ್ಲ. ಪ್ರತಿ ಶುಕ್ರವಾರ ಪಾನಿ ಸಲೋಮೆಯಾ ಎಡಗೈಯಲ್ಲಿ ಹುಳಿ ಸೂಪಿನ ಜಾಡಿ ಹಿಡಿದುಕೊಂಡು ಬೀದಿ ದಾಟಿ ಬರುತ್ತಾರೆ. ಒಂದು ಗಂಟೆ ಕೂರುತ್ತಾರೆ, ಕಪಾಟಿನ ಕಡೆ ನೋಡುತ್ತಾರೆ, ಹೋಗುತ್ತಾರೆ. ಕಪಾಟಿನಲ್ಲಿ ಇರುವುದು ಆ ಪುಸ್ತಕ. ಇಷ್ಟು ವರ್ಷ ನೋಡಿಯೂ ನನಗೆ ಅದರಲ್ಲಿ ಏನೂ ವಿಶೇಷ ಕಂಡಿರಲಿಲ್ಲ.

ಗಂಜಿ ಆರಿತ್ತು. ಮೇಲಾಳ ಬಾಯಿ ಒರೆಸಿ, ಟೋಪಿ ಹಾಕಿ, ಬಿಸಿಲಿದೆ ಎಂದು ಟೋಪಿ ತೆಗೆದು, ಗಾಳಿಯಿದೆ ಎಂದು ಮತ್ತೆ ಹಾಕಿ, ಅವಳನ್ನು ಎತ್ತಿಕೊಂಡು ಎದುರು ಮನೆಗೆ ಹೋದೆ.

ಪಾನಿ ಗೇನ್ಯಾ ಅಂಗಳದಲ್ಲಿ ಕೂತು ಜಾಮ್‌ಗೆ ಪ್ಲಮ್ ಹಣ್ಣಿನ ಬೀಜ ತೆಗೆಯುತ್ತಿದ್ದರು.

"ಮುಖ ಯಾಕೆ ಹಂಗಾಗಿದೆ? ಮಗೂಗೆ ಜ್ವರಾನಾ?"

"ಇಲ್ಲ ಪಾನಿ ಗೇನ್ಯಾ."

"ನಿಂಗಾ?"

"ಇಲ್ಲ. ಎಂಬತ್ತೇಳನೇ ಇಸವಿ."

ಚಾಕು ನಿಂತಿತು. ಪಾನಿ ಗೇನ್ಯಾ ಅದನ್ನು ಕೆಳಗಿಟ್ಟರು. ಆಮೇಲೆ ಮೇಲಾಳಿಗೆ ಬೀಜ ತೆಗೆದ ಅರ್ಧ ಹಣ್ಣು ಕೊಟ್ಟು ಎದ್ದರು. ನಾನು ಆ ಅರ್ಧ ಹಣ್ಣಿನಲ್ಲಿ ಬೀಜದ ಚೂರೇನಾದರೂ ಉಳಿದಿದೆಯೇ ಎಂದು ಬೆರಳಿಟ್ಟು ನೋಡುತ್ತಿರುವಾಗ, ಅವರು ಒಳಗೆ ಕೈ ತೊಳೆದು, ಒರೆಸಿ, ಪುಸ್ತಕವನ್ನು ಎತ್ತಿ ತಂದು ಮೇಜಿನ ಮೇಲಿದ್ದ ದಿಂಬಿಗೆ ಒರಗಿಸಿದರು.

"ನೀನೇ ನೋಡು."

ನೋಡಿದೆ. ಅಂಚಿನಲ್ಲಿ ಎರಡು ಪದ. ಮೇಲೆ ಕೆಳಗೆ ಹುಡುಕಿದೆ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ.

"ಶಿಲುಬೆ ಇಲ್ಲ" ಎಂದೆ.

"ಇಲ್ಲ. ಅದು ಅಲ್ಲಿಗೆ ಬಂದು ಮೂವತ್ತಾರು ವರ್ಷ ಆಯ್ತು, ಅವತ್ತಿಂದಾನೂ ಇಲ್ಲ."

"ನಾನು ಒಳಗೆ ಬರೆದುಬಿಟ್ಟೆ, ಪಾನಿ ಗೇನ್ಯಾ. ಶಾಯಿಯಲ್ಲಿ. ನೀವು ಮೂರು ಸಲ ಆ ಬಿಷಪ್ಪನ ಕಥೆ ಹೇಳಿದ್ದಿರಿ, ಆದರೂ."

ಅವರು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ತುಟಿ ಬಿಗಿಹಿಡಿದರು. ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ನಾನು ಹೆದರಿದೆ. ನಗುತ್ತಿದ್ದರು.

"ನಡುಗ್ತಾ ಬಂದ್ನಲ್ಲಪ್ಪಾ ನಮ್ಮೂರಿಗೂ" ಎಂದರು.

"ನಗಬೇಡಿ. ನೀವು ಬರೆದದ್ದು ಅಂತ ಪಾನಿ ಸಲೋಮೆಯಾ ತಿಳಿದುಕೊಂಡರೆ?"

"ನಾನು ಬರ್ದಿದ್ದಾ? ಇಷ್ಟು ದಿನ ನನ್ನ ಅಕ್ಷರ ನಕಲು ಮಾಡಿದ್ದೀಯ. ಸರಿಯಾಗಿ ನೋಡು, ಇದು ಯಾವ ಕಡೆ ವಾಲಿದೆ?"

ಅಕ್ಷರಗಳು ಎಡಕ್ಕೆ ವಾಲಿದ್ದವು. ಪಾನಿ ಗೇನ್ಯಾರ ಅಕ್ಷರ ಕಂಬದಂತೆ ನೆಟ್ಟಗೆ.

"ಈ ಊರಲ್ಲಿ ಎಡಗೈಲಿ ಸೂಪು ಬಡಿಸೋರು ಯಾರು?"

"ಪಾನಿ ಸಲೋಮೆಯಾ!" ಎಂದೆ. ಕ್ರಿಸ್ಮಸ್ ಕಳೆದ ಮೇಲೆ ಒಂದು ತಿಂಗಳು ಪುಸ್ತಕ ಅಧ್ಯಕ್ಷೆಯ ಮನೆಯಲ್ಲಿರುವುದು ಸಂಘದ ರೂಢಿ. ಓದಿ, ಸಹಿ ಹಾಕಿ ಕಳಿಸಬೇಕು. ಎಂಬತ್ತೆಂಟರ ಫೆಬ್ರವರಿಯಲ್ಲಿ ಪುಸ್ತಕ ವಾಪಸು ಬಂದಾಗ ಸಹಿಯೂ ಇತ್ತು, ಅಂಚಿನಲ್ಲಿ ಆ ಎರಡು ಪದವೂ ಇದ್ದವು.

"ನೋಡಿದ ಕೂಡ್ಲೇ ಗೊತ್ತಾಯ್ತು. ಪಾಪ, ಬಹುಮಾನ ತಗೊಂಡು ಮೂರು ತಿಂಗಳು ನಿದ್ದೆ ಮಾಡಿಲ್ಲ ಅನ್ಸುತ್ತೆ" ಎಂದರು.

"ಮತ್ತೆ ಯಾಕೆ ಕೇಳಲಿಲ್ಲ?"

"ಒಳಗೆ ಬರ್ಲಿ ಅಂತಿದ್ರೆ ಶಿಲುಬೆ ಹಾಕ್ತಿದ್ಲು. ಹಾಕೋದು ಅವಳಿಗೆ ಗೊತ್ತು, ನಾನೇ ಹೇಳಿಕೊಟ್ಟಿದ್ದು. ಹಾಕ್ಲಿಲ್ಲ. ಅವಳಾಗೇ ಬಾಯಿ ಬಿಡ್ಲಿ ಅಂತ ನಾನೂ ಸುಮ್ನಿದ್ದೆ. ಅವಳು ಬಿಡ್ಲಿಲ್ಲ. ನಾನು ಕೇಳ್ಲಿಲ್ಲ."

ನಾನು ಉಪಾಯಗಳನ್ನು ಒಂದೊಂದಾಗಿ ಹೇಳಿದೆ. ಅಳಿಸಿದರೆ? "ಚರ್ಮದ ಹಾಳೆ ಆಗಿದ್ರೆ ಚಾಕೂಲಿ ಹೆರೀಬಹುದಿತ್ತು. ಕಾಗದ ತೂತಾಗುತ್ತೆ." ಆ ಹಾಳೆ ಕಿತ್ತರೆ? "ಹೊಲಿದ ಪುಸ್ತಕ ಕಣೇ. ಇದನ್ನ ಕಿತ್ತರೆ ಇದರ ಜೋಡಿ ಹಾಳೆ ಆ ಕಡೆಯಿಂದ ಬಿದ್ದುಹೋಗುತ್ತೆ. ಅದರಲ್ಲಿ ಏನಿದೆ ಗೊತ್ತಾ? ನಿನ್ನ ಗಂಡ ಹುಟ್ಟಿದ್ದು."

"ಅಯ್ಯೋ, ಬೇಡ."

"ಯೋಚನೆ ಮಾಡಿ ಹೇಳು, ಅವಸರ ಇಲ್ಲ."

ಆ ಸಾಲು ಬಿಟ್ಟು ಓದಿ ಎಂದು ಫಾದರ್‌ಗೆ ಹೇಳಿದರೆ? "ಯಾಕೆ ಅಂತ ಅವರು ಯೋಚಿಸ್ತಾರೆ. ಯೋಚಿಸ್ತಾ ಯೋಚಿಸ್ತಾ ಅಡುಗೆಯವಳ ಹತ್ರ ಹೇಳ್ತಾರೆ. ಅವಳು ಊಟದೊಳಗೆ ಮೂರು ಊರಿಗೆ ಮುಟ್ಟಿಸ್ತಾಳೆ."

"ಹಾಗಾದರೆ?"

"ಸಲೋಮೆಯಾಗೆ ಫೋನ್ ಮಾಡು."

"ನಾನಾ? ನೀವು ಮಾಡಿ, ಪಾನಿ ಗೇನ್ಯಾ. ನಿಮ್ಮ ಸ್ನೇಹಿತೆ."

"ಬರ್ದೋಳು ಅವಳು. ನಕಲು ಮಾಡ್ದೋಳು ನೀನು. ಅಂಚಿಂದ ಒಳಗೆ ತಂದಿದ್ದು ನಾನಲ್ಲ." ಅವರು ಪುಸ್ತಕ ಮುಚ್ಚಿ ಎದ್ದರು. ಬಾಗಿಲ ಹತ್ತಿರ ತಿರುಗಿ, ನಗು ಇಲ್ಲದ ದನಿಯಲ್ಲಿ ಹೇಳಿದರು: "ಅವಳು ಬೇಡ ಅಂದ್ರೆ ನಾನೇ ನಾಳೆ ಎದ್ದು ನಿಂತು, ಅದು ನನ್ನ ಕುಚೇಷ್ಟೆ, ಸುಳ್ಳು ಬರ್ದಿದ್ದೆ ಅಂತೀನಿ. ನಲವತ್ತೈದು ವರ್ಷದಲ್ಲಿ ಒಂದು ಸುಳ್ಳು, ದೇವರು ಬಿಟ್ಟುಬಿಡ್ತಾನೆ."

ಪಕ್ಕದೂರಿನವರನ್ನು ಎಷ್ಟೇ ಬೈದರೂ, ಆಗದ ಒಂದನ್ನು ಆಯಿತೆಂದು ಆ ಪುಸ್ತಕದಲ್ಲಿ ಪಾನಿ ಗೇನ್ಯಾ ಯಾವತ್ತೂ ಬರೆದವರಲ್ಲ. ಹಂದಿ ಸಿಕ್ಕಿತು ಎಂದಿದ್ದರೆ ಹಂದಿ ಸಿಕ್ಕಿರುತ್ತದೆ. ಇಡೀ ಊರು ಅವರನ್ನು ನಂಬುವುದು ಅದಕ್ಕೇ. ಆ ನಂಬಿಕೆಯನ್ನು ನಾಳೆ ಅವರು ನನ್ನ ತಪ್ಪಿಗಾಗಿ ಕೈಯಾರೆ ಕಳೆದುಕೊಳ್ಳುತ್ತಾರೆ.

ಮನೆಗೆ ಬಂದವಳು ಫೋನ್ ಮುಟ್ಟಲಿಲ್ಲ. ಸೂಪು ಮಾಡಿದೆ. ಮೇಲಾಳನ್ನು ಮಲಗಿಸಿದೆ. ಈಗ ಫೋನ್ ಮಾಡಿದರೆ ಪಾನಿ ಸಲೋಮೆಯಾ ಊಟ ಮಾಡುತ್ತಿರುತ್ತಾರೆ ಎಂದುಕೊಂಡೆ, ಆಮೇಲೆ ಮಲಗಿರುತ್ತಾರೆ, ಆಮೇಲೆ ಹಾಲ್‌ನಲ್ಲಿ ಹೂವು ಕಟ್ಟಿಸುತ್ತಿರುತ್ತಾರೆ. ಯಾರೆಕ್‌ನ ನಾಲ್ಕು ಅಂಗಿ ಇಸ್ತ್ರಿ ಮಾಡಿದೆ. ಅವನು ಬಂದು ನೋಡಿ, "ಯಾರಾದ್ರೂ ಸತ್ರಾ?" ಎಂದ. ವಿಷಯ ಹೇಳಿದೆ. "ಎಂಬತ್ತಮೂರು ವರ್ಷದ ಅಜ್ಜಿ ಫೋನಿನೊಳಗಿಂದ ಬಂದು ಹೊಡೆಯಲ್ಲ" ಎಂದ. ಅವನಿಗೆ ಪಾನಿ ಸಲೋಮೆಯಾ ಸರಿಯಾಗಿ ಗೊತ್ತಿಲ್ಲ.

ನಾಲ್ಕು ಗಂಟೆಗೆ ಮೇಲಾ ಎದ್ದಳು. ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಕಿಟಕಿಯಾಚೆ ಎದುರು ಮನೆಯ ಅಂಗಳದಲ್ಲಿ ಕುದಿಯುತ್ತಿದ್ದ ಜಾಮಿನ ಪಾತ್ರೆಯನ್ನು ನೋಡುತ್ತಾ, ನಂಬರು ಒತ್ತಿದೆ.

"ಯಾರು? ಜೋರಾಗಿ ಮಾತಾಡಿ, ಈ ಕಿವಿ ಅಲಂಕಾರಕ್ಕೆ ಇರೋದು."

"ಪಾನಿ ಸಲೋಮೆಯಾ, ನಾನು ಕಿಂಗಾ. ಯಾರೆಕ್‌ನ ಹೆಂಡತಿ. ಪುಸ್ತಕದಲ್ಲಿ ಒಂದು ತಪ್ಪು ಮಾಡಿದ್ದೇನೆ. ಎಂಬತ್ತೇಳನೇ ಇಸವಿಯಲ್ಲಿ, ಅಂಚಿನಲ್ಲಿದ್ದ ಎರಡು ಪದ ಒಳಗೆ ಬರೆದುಬಿಟ್ಟೆ."

ಆ ಕಡೆ ಕೋಳಿಗಳ ಸದ್ದು ಕೇಳಿತು.

"ಶಿಲುಬೆ ಹಾಕಿರ್ಲಿಲ್ಲ" ಎಂದರು.

"ಇಲ್ಲ. ತಪ್ಪು ನನ್ನದು."

"ನಿಂದೇ ಮತ್ತೆ. ನಂದಾ?" ಮತ್ತೆ ಕೋಳಿಗಳು. "ಗೇನ್ಯಾಗೆ ಗೊತ್ತಾ?"

"ಗೊತ್ತು."

"ಯಾವಾಗಿಂದ?"

"ಎಂಬತ್ತೆಂಟರ ಫೆಬ್ರವರಿಯಿಂದ."

ಏನೋ ಬಿದ್ದ ಸದ್ದು. ಬಹುಶಃ ಅವರ ಊರುಗೋಲು. ಆಮೇಲೆ ಬಂದದ್ದು ಕೆಮ್ಮೋ ನಗುವೋ ನನಗೆ ತಿಳಿಯಲಿಲ್ಲ.

"ಮೂವತ್ತಾರು ವರ್ಷ. ಶುಕ್ರವಾರ ಶುಕ್ರವಾರ ಸೂಪು ಹೊತ್ಕೊಂಡು ಹೋಗಿದ್ದೀನಿ ಕಣೇ. ಇವತ್ತು ಕೇಳ್ತಾಳೆ, ಇವತ್ತು ಕೇಳ್ತಾಳೆ ಅಂತ. ಜಾಡಿ ವಾಪಸ್ ಕೊಡ್ತಾ 'ಉಪ್ಪು ಕಮ್ಮಿ' ಅಂತಿದ್ಲು, ಅಷ್ಟೇ."

"ನೀವಾಗೇ ಹೇಳಲಿ ಅಂತ ಅವರು ಕಾಯುತ್ತಿದ್ದರಂತೆ. ನಾಳೆ ನೀವು ಬೇಡ ಅಂದರೆ, ತಾನೇ ಸುಳ್ಳು ಬರೆದೆ ಅಂತ ಎದ್ದು ನಿಲ್ಲುತ್ತಾರಂತೆ."

"ಅವಳು? ಸುಳ್ಳು?" ದನಿ ಏರಿತು. "ಅವಳಿಗೆ ಸುಳ್ಳು ಹೇಳೋಕೆ ಬರಲ್ಲ, ಹೇಳಿದ್ರೆ ಯಾರೂ ನಂಬಲ್ಲ, ಸುಮ್ನೆ ನಗೆಪಾಟಲು. ಕೇಳು ಹೇಳ್ತೀನಿ. ಸ್ಪರ್ಧೆ ಹಿಂದಿನ ದಿನ ನಮ್ಮ ಕ್ರಾಸುಲಾ ಬಕೆಟ್‌ಗೆ ಒದ್ದಳು. ಹಸು ಅಂತ ಸಾಕಿದ್ದು, ಕುದುರೆ ಹುಟ್ಟಿತ್ತು. ಹಾಲೆಲ್ಲಾ ಕೊಟ್ಟಿಗೆ ನೆಲದಲ್ಲಿ. ಪಕ್ಕದೂರಿನ ಅಂಗಡಿ ಸಾಲಲ್ಲಿ ಎರಡು ಗಂಟೆ ನಿಂತಿದ್ದೀನಿ, ರುಮಾಲು ಮೂಗಿನವರೆಗೂ ಎಳ್ಕೊಂಡು. ಫಲಕದ ಜೊತೆ ಬಹುಮಾನಕ್ಕೆ ಕೊಟ್ಟ ಪಾತ್ರೆಗಳಲ್ಲಿ ಇವತ್ತಿನವರೆಗೂ ಅಡುಗೆ ಮಾಡಿಲ್ಲ. ಅಟ್ಟದ ಮೇಲಿವೆ."

"ಹಾಗಾದರೆ ಫಾದರ್‌ಗೆ ಏನು ಹೇಳಲಿ?"

"ಓದೋಕೆ ಹೇಳು. ಜೋರಾಗಿ ಓದ್ಲಿ, ನಂಗೂ ಕೇಳ್ಬೇಕು. ಫಲಕ ಬೇಕಾದ್ರೆ ಜಿಲ್ಲೆಯವರು ತಗೊಂಡು ಹೋಗ್ಲಿ, ಎರಡು ಮೊಳೆ ತಾನೇ. ಆದ್ರೆ ನಿನ್ನ ಪುಸ್ತಕದಲ್ಲಿ ಹಸು ಇಲ್ಲ. ಈಗಲೇ ಹೋಗಿ ಪುಸ್ತಕ ಇಸ್ಕೊಂಡು ಹಸು ಒದ್ದಿದ್ದನ್ನ ಅಂಚಲ್ಲಿ ಬರಿ. ಶಿಲುಬೆ ಹಾಕು. ದೊಡ್ಡದಾಗಿ ಹಾಕು."

"ಹಾಕುತ್ತೇನೆ."

"ಆಮೇಲೆ ಆ ಗೇನ್ಯಾಗೆ ಹೇಳು. ಬರೋ ಶುಕ್ರವಾರ ಸೂಪು ಅವಳದ್ದು. ಉಪ್ಪು ಎಷ್ಟು ಹಾಕ್ತಾಳೋ ನಾನೂ ನೋಡ್ತೀನಿ."